ಬೆನ್ನಿಗೆ ಬಿದ್ದವನು

ನದಿಯ ಗಡ್ಡೆಯ ಮೇಲೆ ನೀರು ಉಕ್ಕಿತ್ತು.
ಹೇಯ್ಕಾನ ಸ್ಲೆಡ್ಜ್ ಹಿಂಬದಿ ಕುಸಿದು
ಮಲಗುವ ಚೀಲ ನೆನೆದು
ಎಳೆದು ದಡಕ್ಕೆ ಹಾಕುವಷ್ಟರಲ್ಲಿ ಹಲಗೆಯಾಗಿತ್ತು.
ಎತ್ತಿ ನಿಲ್ಲಿಸಿದ. ನಿಂತಿತು,
ಮೂರನೆಯ ಆಳಿನ ಹಾಗೆ.
ನಗಬಹುದಿತ್ತು. ನಗಲಿಲ್ಲ.
ನಾವು ಮಾತು ಬಿಟ್ಟು ಆರು ವರ್ಷ.

ಕಾರಣ ಒಂದು ಹಿಮಸಾರಂಗದ ಕರು, ಅದರ ಎಡಗಿವಿ.
ತಾಯಿ ನನ್ನದು ಅಂದೆ ನಾನು.
ಕಿವಿಯ ಕಚ್ಚು ನನ್ನದು ಅಂದ ಅವನು.
ಚಳಿಗಾಲಕ್ಕೆ ಮೊದಲೇ ಕರುವನ್ನು ಕಾಡುಬೆಕ್ಕು ಒಯ್ದಿತು.
ಜಗಳವನ್ನು ಒಯ್ಯಲಿಲ್ಲ.

ಈ ಏಪ್ರಿಲ್ಲಿನಲ್ಲಿ ಅವನ ಹೆಂಡತಿಗೆ ಕಾಲು ಮುರಿದು
ನನ್ನ ಮಗ ಸೇನೆಗೆ ಹೋಗಿ
ಎರಡು ಹಿಂಡನ್ನು ಕಡಲಿಗೆ ಇಳಿಸಲು
ಉಳಿದವರು ನಾವಿಬ್ಬರೇ. ಮತ್ತೆ ಚಾಹ್ಪೆ ಎಂಬ ನಾಯಿ.

ಲಾವ್ವು ಎತ್ತುವುದಕ್ಕೆ ಮಾತು ಬೇಡ.
ಗಳುಗಳು ತಾವೇ ಒಂದರ ಹೆಗಲಿಗೆ ಒಂದು ಒರಗುತ್ತವೆ.
ಹಿಮದ ಮೇಲೆ ಬರ್ಚ್ ಮರದ ಸಣ್ಣ ರೆಂಬೆ,
ಅದರ ಮೇಲೆ ಚರ್ಮ, ರೋಮ ಮೇಲಾಗಿ.
ಚಳಿ ಗಾಳಿಯಲ್ಲಿ ಬರುತ್ತದೆ ಅನ್ನುವವರು
ಊರಲ್ಲಿ ಮಲಗಿದವರು.
ಅದು ನೆಲದಿಂದ ಬರುತ್ತದೆ, ಸೊಂಟದ ಮೂಳೆ ಹುಡುಕಿಕೊಂಡು.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಂತೆ,
ಇಲ್ಲಿ ಚಾಚುವ ಮಾತೇ ಇಲ್ಲ,
ಮಂಡಿ ಗಲ್ಲಕ್ಕೆ ತಾಗುವವರೆಗೆ ಮಡಿಚು.

ಬೂಟಿನ ಹುಲ್ಲು ತೆಗೆದು ಒಲೆಯ ಮೇಲೆ ತೂಗಿಬಿಟ್ಟ.
ಒದ್ದೆ ಹುಲ್ಲಿನ ವಾಸನೆ, ಒಂದು ಇಡೀ ಬೇಸಿಗೆಯದು.
ಒಣಗಿದ್ದನ್ನು ಬೆರಳಿಗೆ ಸುತ್ತಿ, ತಿರುಚಿ, ಗೂಡು ಮಾಡುವಾಗ
ನೋಡಿದೆ: ಅಮ್ಮನ ಕೈ.
ಗಾದ್ಜಾ ಹೀಗೇ ಹೆಬ್ಬೆರಳಿಂದ ಕೊನೆ ಒತ್ತುತ್ತಿದ್ದಳು.
ನನಗೆ ಆ ಕೆಲಸ ಬರಲೇ ಇಲ್ಲ, ನಾನು ಅಂಗಡಿಯ ಉಣ್ಣೆಯವನು.

ನನ್ನ ಹತ್ತಿರ ಅವಳೇ ಹೊಲಿದ ಹೊದಿಕೆ,
ಎಂಟು ಕುರಿಯ ಚರ್ಮ.
ಅದರಲ್ಲಿ ಅವನು ಉಚ್ಚೆ ಹೊಯ್ದ ಮೂಲೆ
ನನಗೆ ಈಗಲೂ ಗೊತ್ತು.

ಎರಡು ಗಂಟೆಗೆ ಕಟ್ಟಿಗೆ ಮುಗಿಯಿತು.
ಮೈನಸ್ ಇಪ್ಪತ್ತೊಂಬತ್ತು.
ಅವನು ಕೂತೇ ಇದ್ದ, ಕೋಟಿನೊಳಗೆ ಕೈ, ಕಂಕುಳಲ್ಲಿ ನಾಯಿ.
ಕಣ್ಣು ಮುಚ್ಚಿ ಕೇಳುತ್ತಿದ್ದೆ
ಅವನ ಹಲ್ಲಿಗೆ ಹಲ್ಲು ಬಡಿಯುವುದನ್ನು.
ಅದೇನು ಮಾತಲ್ಲ,
ಉತ್ತರ ಕೊಡಬೇಕಾಗಿಲ್ಲ ಅಂದುಕೊಂಡೆ.
ಬಹಳ ಹೊತ್ತು ಅಂದುಕೊಂಡೆ.

ಆಮೇಲೆ ಹೊದಿಕೆಯ ಅಂಚು ಎತ್ತಿದೆ.
ಇರುಳೆಲ್ಲ ಕೂಡಿಟ್ಟ ಕಾವು ಸುಯ್ಯೆಂದು ಹೊರಟುಹೋಯಿತು.
ಬೇಗ ಬಾರೋ ಅನ್ನಬೇಕಿತ್ತು. ಅನ್ನಲಿಲ್ಲ.
ನಾಯಿ ಮೊದಲು ಬಂತು.

ಬೆನ್ನು ತಿರುಗಿಸಿ ಮಲಗಿದ. ನಾನೂ ತಿರುಗಿಸಿದೆ.
ಆರು ವರ್ಷದಿಂದ ಅದೇ ಅಭ್ಯಾಸ,
ನಡುವೆ ಮಾತ್ರ ಈಗ ಜಾಗವಿರಲಿಲ್ಲ.
ಮೊದಲು ಅವನ ಬೆನ್ನು ಬಂಡೆ, ನನ್ನದನ್ನೆಲ್ಲ ಹೀರುವ ಬಂಡೆ.
ಸಿಟ್ಟು ಬಂತು: ಇದನ್ನೂ ತಗೊಂಡ.
ಯಾವಾಗಲೋ, ನಿದ್ದೆಯ ಈಚೆಯೋ ಆಚೆಯೋ,
ಕೊಟ್ಟಿದ್ದು ತಿರುಗಿ ಬರತೊಡಗಿತು,
ಭುಜದ ಮೂಳೆಗಳ ನಡುವೆ, ಒಂದು ಅಂಗೈಯಷ್ಟು.
ಬೆನ್ನಿಗೆ ಬಿದ್ದವನು ಅನ್ನುತ್ತಾರೆ ತಮ್ಮನನ್ನು.
ಯಾರು ಮಾಡಿದರೋ ಆ ಮಾತನ್ನು,
ಡೇರೆಯಲ್ಲಿ ಮಲಗಿದ್ದವರೇ ಇರಬೇಕು.

ಬೆಳಿಗ್ಗೆ ಬಟ್ಟೆಯ ಒಳಮೈಗೆಲ್ಲ ಉಸಿರಿನ ಹರಳು.
ತಟ್ಟಿದರೆ ಕತ್ತಿನೊಳಗೆ ಉದುರುತ್ತಿತ್ತು,
ಯಾರ ಉಸಿರು ಯಾರ ಕತ್ತಿಗೆ, ಹೇಳಲಾಗದು.
ಕಾಫಿ ಕುದಿಯಿತು.
“ಕಚ್ಚು ನನ್ನದೇ,” ಅಂದ, ಒಲೆಯನ್ನು ನೋಡುತ್ತ.
“ತಾಯಿ ನನ್ನದು,” ಅಂದೆ.
ಸಕ್ಕರೆ ಡಬ್ಬಿ ತೆರೆದು ಕೂತೆ.
ಒಂದೋ, ಎರಡೋ?
ಒಡಹುಟ್ಟಿದವನಿಗೆ ಎಷ್ಟೆಂದು ಮರೆತಿತ್ತು.
ಕೇಳಬೇಕಾಯಿತು.

ಹೊರಗೆ ಅವನ ಚೀಲ ಇನ್ನೂ ನಿಂತೇ ಇತ್ತು,
ಹಿಂಡು ಅದನ್ನು ಬಳಸಿಕೊಂಡು ಹೋಗುತ್ತಿತ್ತು.